ಹಂಚದೆ ಉಳಿದ ಚಾಕಲೇಟು

ಹೋದ ವಾರ ಒಲೆಯ ಮೇಲೆ ಕುಂಬಳಕಾಯಿ ಪಲ್ಯ ತಳ ಹಿಡಿಯಿತು. ಆ ಸುಟ್ಟ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಳಗಾವಿಯ ಕ್ಯಾಂಪ್ ಪ್ರದೇಶದ ನಮ್ಮ ಮನೆಯ ಕೆಳಗಿನ ಭಾಗದಲ್ಲಿ ಬಾಡಿಗೆಗಿದ್ದ ಮೇಡಮ್ ಕಣ್ಣ ಮುಂದೆ ಬಂದಳು. ಗ್ಯಾಸ್ ಆರಿಸಿದೆ.

ಆಕೆ ಅಮೆರಿಕದವಳು. ನರ್ಸುಗಳಿಗೆ ತರಬೇತಿ ಕೊಡಲು ಬೆಳಗಾವಿಗೆ ಬಂದು ನಮ್ಮ ಕಡೆಯ ಕನ್ನಡವನ್ನೂ ಕಲಿತಿದ್ದಳು. ಐವತ್ತು ದಾಟಿದ ಒಂಟಿ ಹೆಂಗಸು. ಖರೇ ಹೇಳಬೇಕೆಂದರೆ, ಆಕೆಯನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಆ ವರ್ಷ ಶ್ರಾವಣದಲ್ಲಿ ನನ್ನ ಗಂಡ ತೀರಿಕೊಂಡಿದ್ದರು. ಹತ್ತು ವರ್ಷದ ಮಗಳು ನನ್ನ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಶಾಲೆಯಿಂದ ಬಂದವಳೇ ಕೆಳಗೆ ಹೋಗಿ ಆಕೆಯ ಜೊತೆ ನಗುತ್ತಿದ್ದಳು. ಆ ನಗು ಮೇಲಿನವರೆಗೆ ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು.

ಅಕ್ಟೋಬರ್ ತಿಂಗಳ ಕೊನೆಯ ದಿನ ಆಕೆ ಕುಂಬಳಕಾಯಿಗೆ ಕಣ್ಣು, ಬಾಯಿ ಕೊರೆದು ಮೆಟ್ಟಿಲ ಮೇಲಿಟ್ಟಳು. ಗೇಟಿಗೆ ರಟ್ಟಿನ ಎಲುಬಿನ ಗೊಂಬೆ ಕಟ್ಟಿದಳು. ಅವರ ದೇಶದಲ್ಲಿ ಅಂದು ಹ್ಯಾಲೋವೀನ್ ಎಂಬ ದೆವ್ವ-ಭೂತಗಳ ಹಬ್ಬವಂತೆ. ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಬರುತ್ತಾರೆ, ಬಂದವರಿಗೆ ಚಾಕಲೇಟು ಕೊಡಬೇಕು. ಓಣಿಯ ಮಕ್ಕಳನ್ನೆಲ್ಲ ಸಂಜೆಗೆ ಕರೆದಿದ್ದಳು.

ನಾನು ಕೆಳಗಿಳಿದು ಹೋದೆ.

“ನಮ್ಮ ಮನ್ಯಾಗ ಸಾವಾಗಿ ಇನ್ನಾ ಮೂರು ತಿಂಗಳಾಗಿಲ್ಲ. ಗೇಟಿಗೆ ಎಲುಬು ಕಟ್ಟೀರಲ್ಲ, ನಿಮಗ ನಾಚಿಕಿ ಬರೂದಿಲ್ಲೇನ್ರಿ?”

ಆಕೆಯ ಮುಖ ಕೆಂಪಾಯಿತು. “ತಪ್ಪಾತು ಅಕ್ಕಾ,” ಎಂದು ಕೂಡಲೇ ಗೊಂಬೆ ಬಿಚ್ಚಿದಳು.

ಅಷ್ಟಕ್ಕೇ ಬಿಡಬಹುದಿತ್ತು. ಬಿಡಲಿಲ್ಲ. ಮಧ್ಯಾಹ್ನ ಓಣಿಯ ಒಂದೊಂದೇ ಮನೆಗೆ ಹೋಗಿ ತಾಯಂದಿರಿಗೆ ಮೆತ್ತಗೆ ಹೇಳಿದೆ: “ಆಕಿ ಚಾಕಲೇಟಿನ್ಯಾಗ ಏನೋ ಮದ್ದು ಹಾಕ್ಯಾಳ. ಪುಡಿ ಕಲಸೂದು ನಾನ ಕಣ್ಣಾರೆ ನೋಡೇನಿ.”

ನಾನು ಏನನ್ನೂ ನೋಡಿರಲಿಲ್ಲ.

ಸಂಜೆ ಒಂದು ಮಗುವೂ ಬರಲಿಲ್ಲ. ಆಕೆ ತಲೆಗೆ ಕಪ್ಪು ಕಾಗದದ ಟೋಪಿ ಹಾಕಿಕೊಂಡು, ಚಾಕಲೇಟಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ಗೇಟು ಬಂದಾಗ ಮಕ್ಕಳು ಸೈಕಲ್ಲನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದರು. ನನ್ನ ಮಗಳನ್ನು ಒಳಗೆ ಕೂಡಿಹಾಕಿ ಚಿಲಕ ಹಾಕಿದ್ದೆ. ಒಳಗೆ ಹಚ್ಚಿಟ್ಟ ಮೇಣದಬತ್ತಿಯ ಬಿಸಿಗೆ ಕುಂಬಳಕಾಯಿ ಸುಡುವ ವಾಸನೆ ಬಾಲ್ಕನಿಗೆ ಬರುತ್ತಿತ್ತು. ಮೇಲಿಂದ ನೋಡುತ್ತ ನಿಂತಿದ್ದ ನನಗೆ… ಸುಳ್ಳಾಡುವುದಿಲ್ಲ, ಖುಷಿಯಾಗಿತ್ತು.

ತಿಂಗಳೊಳಗೆ ಆಕೆ ಮನೆ ಬಿಟ್ಟು ಖಾನಾಪುರಕ್ಕೆ ಹೋದಳು. ಹೇಗೋ ವಿಷಯ ತಿಳಿದ ಮಗಳು ಎಷ್ಟೋ ದಿನ ನನ್ನ ಕೈಯಿಂದ ಊಟ ಬಡಿಸಿಕೊಳ್ಳಲಿಲ್ಲ. ಮರುವರ್ಷ ಅದೇ ದಿನ ಅವಳ ಹಟಕ್ಕೆ ಖಾನಾಪುರಕ್ಕೆ ಕರೆದುಕೊಂಡು ಹೋದೆ. ಮೇಡಮ್ಮಿನ ಅಂಗಳದ ತುಂಬ ಮಕ್ಕಳು. ಕನ್ನಡ, ಮರಾಠಿ ಎರಡನ್ನೂ ಕಲಸಿ ಗದ್ದಲ ಹಾಕುತ್ತಿದ್ದರು. ಆಕೆ ನನ್ನ ಮಗಳ ಎರಡೂ ಕೈ ತುಂಬ ಚಾಕಲೇಟು ಕೊಟ್ಟಳು. ನಾನೂ ಕೈ ಚಾಚಿದೆ. ಬುಟ್ಟಿಯನ್ನು ಹಿಂದಕ್ಕೆ ಎಳೆದುಕೊಂಡಳು.

“ಬ್ಯಾಡ ಅಕ್ಕಾ. ಇದರಾಗ ಮದ್ದು ಐತಿ.”

“ತಪ್ಪಾಗೇತ್ರಿ ಮೇಡಮ್. ಕ್ಷಮಾ ಕೇಳಾಕ ಬಂದೇನಿ.”

“ನನ್ನ ಮುಂದ ಹೇಳಿ ಏನ ಉಪಯೋಗ? ನಿಮ್ಮ ಓಣ್ಯಾಗ ಹೋಗಿ ಹೇಳ್ರಿ,” ಎಂದು ಬೆನ್ನು ತಿರುಗಿಸಿ ಮಕ್ಕಳ ಕಡೆ ಹೋದಳು. ಬಸ್ಸಿನಲ್ಲಿ ಬೆಳಗಾವಿಯವರೆಗೂ ಆಕೆಯನ್ನೇ ಬೈದುಕೊಳ್ಳುತ್ತ ಬಂದೆ.

ಕೆಲವು ವರ್ಷಗಳಾದ ಮೇಲೆ ಆಕೆ ತನ್ನ ದೇಶಕ್ಕೆ ಮರಳಿದಳು. ಈ ಬೇಸಿಗೆಯಲ್ಲಿ ತೀರಿಕೊಂಡಳೆಂದು ಮಗಳು ಫೋನಿನಲ್ಲಿ ಹೇಳಿದಳು. ನನ್ನ ಉತ್ತರಕ್ಕೆ ಕಾಯದೆ ಫೋನಿಟ್ಟಳು. ಮತ್ತೊಮ್ಮೆ ಹೋಗಿ ಕೇಳೋಣವೆಂದರೆ ಈಗ ಆಕೆಯೇ ಇಲ್ಲ…

ನಿನ್ನೆ ಸಂಜೆ ಗೇಟಿನ ಹತ್ತಿರ ಪಕ್ಕದ ಮನೆಯವಳು ಹೊಸದಾಗಿ ಓಣಿಗೆ ಬಂದ ಹೆಂಗಸಿಗೆ ಹೇಳುತ್ತಿದ್ದಳು: “ಇಲ್ಲೊಬ್ಬಾಕಿ ಅಮೆರಿಕಾದ ಮೇಡಮ್ ಇದ್ಲರಿ, ಹುಡುಗೂರಿಗೆ ಚಾಕಲೇಟಿನ್ಯಾಗ ಮದ್ದು ಹಾಕಿ ಕೊಡಾಕಿ. ಬೇಕಾದ್ರ ಕೇಳ್ರಿ, ಇವರು ಕಣ್ಣಾರೆ ನೋಡ್ಯಾರ.”

ಇಬ್ಬರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಹಾಲಿನ ಪಾಕೀಟಿತ್ತು.

“ಹಾಲು ಕಾಸೂದೈತಿ,” ಎಂದು ಹೇಳಿ ಮೇಲೆ ಬಂದೆ.