ತಂಗಿ ವಾಪಸ್ ತೆಗೆದುಕೊಂಡ ಪೇಪರ್

ಒಂದು ನಂಬರ್ ನೋಡಿ ಯಾರಾದರೂ ಅಳುವುದನ್ನು ಕಂಡಿದ್ದೀರಾ? (ಕರೆಂಟ್ ಬಿಲ್ ಅಲ್ಲ ಸ್ವಾಮಿ, ಅದಕ್ಕೆ ನಾವೆಲ್ಲ ಅಳುತ್ತೇವೆ.) ಕಳೆದ ಭಾನುವಾರ ನಾನು ಕಂಡೆ. ಅಳುತ್ತಿದ್ದವಳು ನನ್ನ ತಂಗಿ ಸವಿತಾ.

ಸವಿತಾ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮುಗಿಸಿ ಮೈಸೂರಿನಲ್ಲೇ ಪೋಸ್ಟ್‌ಡಾಕ್ ಮಾಡುತ್ತಿದ್ದಾಳೆ. ಅಂದರೆ ಓದು ಮುಗಿದಿದೆ, ಕೆಲಸ ಖಾಯಂ ಆಗಿಲ್ಲ. ವಸ್ತುಗಳ ಒಳಗೆ ಏನಾಗುತ್ತದೆಂದು ಕಂಪ್ಯೂಟರಿನಲ್ಲೇ ಲೆಕ್ಕ ಹಾಕುವುದು ಅವಳ ಕಸುಬು. ಹಾಗೆ ಒಂದು ವಿಚಿತ್ರ ವಸ್ತು ಸಿಕ್ಕಿತ್ತು: ಒಳಗೆ ಕರೆಂಟ್ ಹರಿಯದು, ಅಂಚಿನಲ್ಲಿ ಮಾತ್ರ ಅಡೆತಡೆಯಿಲ್ಲದೆ ಓಡುತ್ತದೆ. ಪೇಪರ್ ಬರೆದು ಜರ್ನಲ್‌ಗೆ ಕಳಿಸಿದ್ದಳು. ಅದು ಪ್ರಕಟವಾದರೆ ಕೆಲಸ ಮುಂದುವರಿಯುತ್ತಿತ್ತು. ನಮ್ಮಮ್ಮ ಇಲವಾಲದ ನಮ್ಮ ಬೀದಿಗೆಲ್ಲ ಡಂಗೂರ ಸಾರಿಯೂ ಆಗಿತ್ತು.

"ಏನಾಯ್ತೇ?" ಅಂದೆ.

ವಿವರಿಸಿದಳು. ಆ ವಸ್ತುವಿನಲ್ಲಿ ಕೆಲವು ಪರಮಾಣುಗಳು ಪುಟ್ಟ ಪುಟ್ಟ ಅಯಸ್ಕಾಂತಗಳಂತೆ. ಅವು ಯಾವ ಕಡೆ ಮುಖ ಮಾಡಿವೆಯೆಂದು ಲೆಕ್ಕ ಶುರು ಮಾಡುವಾಗ ನಾವೇ ಒಂದು ಅಂದಾಜು ಕೊಡಬೇಕಂತೆ. ಇವಳು ಎಲ್ಲವೂ ಮೇಲ್ಮುಖ ಅಂತ ಕೊಟ್ಟಿದ್ದಳು. ಕಂಪ್ಯೂಟರ್ ಅಲ್ಲಲ್ಲೇ ಸುತ್ತಾಡಿ, ಇದೇ ಸರಿ ಅಂದುಬಿಟ್ಟಿತು. ಅಂದು ಬೆಳಿಗ್ಗೆ ಯಾಕೋ ಮನಸ್ಸು ತಡೆಯದೆ, ಒಂದು ಮೇಲೆ ಒಂದು ಕೆಳಗೆ ಅಂತ ಕೊಟ್ಟು ನೋಡಿದ್ದಾಳೆ. ಎನರ್ಜಿಯ ನಂಬರ್ ಇನ್ನೂ ಕಡಿಮೆ ಬಂತು. ಕಡಿಮೆ ಎನರ್ಜಿ ಇರುವುದೇ ನಿಜವಾದ ಸ್ಥಿತಿಯಂತೆ. ಆ ಸ್ಥಿತಿಯಲ್ಲಿ ಅಂಚಿನ ಕರೆಂಟೂ ಇಲ್ಲ, ಮಣ್ಣೂ ಇಲ್ಲ.

"ಪೇಪರ್ ವಾಪಸ್ ತಗೋತೀನಿ ಅಕ್ಕ."

ಮರುದಿನವೇ ತೆಗೆದುಕೊಂಡಳು. ಅವಳ ಪ್ರೊಫೆಸರ್ ಕೆಟ್ಟವರೇನಲ್ಲ. "ನೀನು ಮಾಡಿದ್ದೇ ಸರಿ ಕಣಮ್ಮ. ಆದ್ರೆ ರಿನ್ಯೂವಲ್‌ಗೆ ನಾನೇನು ತೋರಿಸ್ಲಿ ಹೇಳು?" ಅಂದರಂತೆ. ತಿಂಗಳ ಕೊನೆಗೆ ಕೆಲಸ ಹೋಗುತ್ತದೆ. ತಪ್ಪು ಮಾಡಿದ್ದಕ್ಕಲ್ಲ ಕಣ್ರೀ, ತಪ್ಪು ಒಪ್ಪಿಕೊಂಡಿದ್ದಕ್ಕೆ ಈ ಗತಿ!

ಸಂಜೆ ಚಪಾತಿ ಲಟ್ಟಿಸುತ್ತಾ ಅಮ್ಮ ಕೇಳಿದರು: "ನೀನು ಬಾಯಿ ಮುಚ್ಕೊಂಡಿದ್ರೆ ಯಾರ್ಗಾದ್ರೂ ಗೊತ್ತಾಗ್ತಿತ್ತೇನೇ?"

"ಸದ್ಯಕ್ಕಂತೂ ಇಲ್ಲಮ್ಮ. ಆದ್ರೆ ನನ್ನ ಪೇಪರ್ ನಂಬ್ಕೊಂಡು ಯಾರೋ ಪಾಪ ಲ್ಯಾಬಲ್ಲಿ ಅದನ್ನ ಮಾಡೋಕೆ ವರ್ಷಗಟ್ಟಲೆ ಒದ್ದಾಡ್ತಿದ್ರು."

ಅಮ್ಮ ಲಟ್ಟಣಿಗೆ ಕೆಳಗಿಟ್ಟರು. ಸವಿತಾಳ ತಲೆ ಸವರಿದರು. ಹಿಟ್ಟಿನ ಕೈಯಲ್ಲೇ.

"ಸುಳ್ಳು ಹೇಳ್ಬೇಡಿ, ಸುಳ್ಳು ಹೇಳ್ಬೇಡಿ ಅಂತ ನಿಮ್ಮಿಬ್ರನ್ನೂ ಹೊಡ್ದು ಹೊಡ್ದು ಬೆಳೆಸ್ಬುಟ್ಟೆ. ನಂದೇ ತಪ್ಪು ಕಣಮ್ಮ" ಅಂದರು.

ಒಬ್ಬ ತಾಯಿ ಮಗಳ ಹತ್ತಿರ ಕ್ಷಮೆ ಕೇಳಬೇಕಾದ ತಪ್ಪೇ ಇದು?