ಚೆಲ್ಲಬಾರದ ತೊಳೆನೀರು

ಬಸ್ತಿಹಳ್ಳಿಯ ಹಿರಿಯರೊಬ್ಬರು ತಮ್ಮ ಮನೆಯ ದೇವರ ಪೀಠಕ್ಕೆ ಹಾಸುವ ಮಾಸಿದ ವಸ್ತ್ರಕ್ಕೆ ಮರಳಿ ಬಣ್ಣ ಕಟ್ಟಿಸಬಯಸಿ, ಹಳಬರು ಬೆರೆಸಿದ ಬಣ್ಣಗಳನ್ನು ತಿಳಿಯಲೆಂದು ಇದ್ದೊಂದೇ ಹರಿದ ಚೂರನ್ನು ಅರಸೀಕೆರೆಯ ನನ್ನ ಪ್ರಯೋಗಶಾಲೆಗೆ ತಂದರು. ಚೂರಿನ ಬಣ್ಣವನ್ನೆಲ್ಲ ಇಳಿಸಿ, ಆ ಸಾರವನ್ನು ಪುಡಿ ತುಂಬಿದ ಗಾಜಿನ ಕೊಳವೆಗೆರೆದು, ಮೊದಲು ನೀರಿನಿಂದ ತೊಳೆದೆ.

“ಅಯ್ಯೋ, ದೇವರ ಬಟ್ಟೆ ತೊಳೆದ ನೀರು! ಚೆಲ್ತೀರೇನ್ರೀ?”

“ಅದು ಬರಿಯ ಕೊಳೆ. ಬಣ್ಣ ಪುಡಿಗೆ ಅಂಟಿದೆ. ಎರೆಯುವ ನೀರಿನಲ್ಲಿ ಸ್ಪಿರಿಟ್ಟನ್ನು ಮೆಲ್ಲಮೆಲ್ಲನೆ ಹೆಚ್ಚಿಸಿದರೆ ಒಂದೊಂದೇ ಬಣ್ಣ ಬೇರೆಯಾಗಿ ಇಳಿಯುತ್ತದೆ.”

ಸಂಜೆಯವರೆಗೆ ಕಾದು ಹಳದಿಯನ್ನೂ ಕೆಂಪನ್ನೂ ಬೇರೆಬೇರೆ ನಳಿಗೆಗಳಲ್ಲಿ ಹಿಡಿದೆ. ಅವು ಯಾವುದರಿಂದ ಮಾಡಿದ ಬಣ್ಣಗಳೆಂದು ಒಂದೊಂದನ್ನೇ ಪರೀಕ್ಷಿಸುವುದು ಇನ್ನೂ ಉಳಿದಿತ್ತು. ನಾನು ಕೈ ತೊಳೆದು ಬರುವಷ್ಟರಲ್ಲಿ ಆ ಮಹನೀಯರು ತೊಳೆನೀರಿನೊಡನೆ ಎಲ್ಲವನ್ನೂ ತಮ್ಮ ತಂಬಿಗೆಗೆ ಸುರಿದುಕೊಂಡಿದ್ದರು.

“ಒಂದ್ ಹನೀನೂ ಪೋಲಾಗ್ಲಿಲ್ಲ ಕಣ್ರೀ. ಈಗ ಹೇಳಿ, ಯಾವ್ಯಾವ ಬಣ್ಣ ಬೆರೆಸವ್ರೆ?”

“ಬಣ್ಣ ತಿಳಿಯದು ಸ್ವಾಮಿ,” ಎಂದೆ. “ಬೆರೆಸಿದವರನ್ನು ಮಾತ್ರ ಬಲ್ಲೆ.”