ಸುರಯ್ಯಳ ಬಾಯಿನೋವು

ಮೊನ್ನೆ ಮುಳ್ಳೇರಿಯದಲ್ಲಿ ಬಸ್ಸಿಗೆ ಕಾಯುತ್ತ ಪಶು ಆಹಾರದ ಅಂಗಡಿಯ ಮುಂದೆ ನಿಂತಿದ್ದೆ. ಒದ್ದೆ ತವುಡಿನ ವಾಸನೆ ಮೂಗಿಗೆ ಬಡಿಯಿತು. ಬಸ್ಸು ಬಂತು, ಹೋಯಿತು; ನಾನು ಅಲ್ಲೇ. ನಿಮಗೆ ನಗು ಬರಬಹುದು, ಆ ಹೊತ್ತಿಗೆ ನಾನು ಶಿರಿಯದ ಕಡಲ ಬದಿಯಲ್ಲಿ ಒಂದು ಕುದುರೆಯ ಎದುರಿಗಿದ್ದೆ.

ಶಿರಿಯದ ಶಾಲೆಯಲ್ಲಿ ನಾನು ಕನ್ನಡ ಮಾಷ್ ಆಗಿದ್ದಾಗ ನೆರೆಮನೆಯವರು ಹಸೈನಾರಿಚ್ಚ. ಗಲ್ಫಿನ ಕುದುರೆ ಲಾಯದಲ್ಲಿ ಹದಿನಾಲ್ಕು ವರ್ಷ ದುಡಿದವರು. ಊರಿಗೆ ಮರಳಿ ಎಲ್ಲರ ಹಾಗೆ ಅಂಗಡಿ ಹಾಕದೆ, ಕಂದು ಬಣ್ಣದ ಹೆಣ್ಣು ಕುದುರೆಯೊಂದನ್ನು ತಂದರು. ಹೆಸರು ಸುರಯ್ಯ. ಸಂಜೆ ಮಕ್ಕಳನ್ನು ಕೂರಿಸಿ ಮರಳಿನಲ್ಲಿ ಸುತ್ತಿಸುವುದು ಅವರ ಹೊಟ್ಟೆಪಾಡು; ಸುರಯ್ಯ ಅವರ ಜೀವ.

ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಸವಾರಿಯ ಹುಚ್ಚು ಹಿಡಿಯಿತು. ಅಕ್ಕಿಮೂಟೆಯ ಹಾಗೆ ಕೂತು ಎರಡು ಸುತ್ತು ಬಂದರೆ ಜಗತ್ತನ್ನೇ ಗೆದ್ದವನಂತೆ ಬೀಗುತ್ತಿದ್ದೆ. ಒಂದು ಸಂಜೆ ಹಸೈನಾರಿಚ್ಚ ನಮಾಜಿಗೆ ಹೋಗಿದ್ದಾಗ ಕೇಳದೆಯೇ ಹತ್ತಿದೆ. ಸುರಯ್ಯ ತಲೆ ಕೊಡವಿದಳು, ಕತ್ತು ಒಂದು ಬದಿಗೆ ವಾಲಿಸಿದಳು, ಹೆಜ್ಜೆ ಮಾತ್ರ ಇಡಲಿಲ್ಲ. ಹಟವೆಂದುಕೊಂಡು ಇದ್ದ ಬಲವೆಲ್ಲ ಹಾಕಿ ಲಗಾಮು ಜಗ್ಗಿದೆ. ಮುಂಗಾಲೆತ್ತಿ ನನ್ನನ್ನು ಮರಳಿಗೆ ಒಗೆದಳು.

ಅಷ್ಟರಲ್ಲಿ ಓಡಿಬಂದ ಹಸೈನಾರಿಚ್ಚನಿಗೆ, "ಸುಮ್ಮನೆ ಕೂತಿದ್ದೆ, ಅವಳೇ ಎತ್ತಿ ಹಾಕಿದಳು" ಎಂದೆ.

"ಅವಳು ಹಾಗೆ ಮಾಡುವವಳಲ್ಲ ಮಾಷೆ. ಎಂತದೋ ಉಂಟು."

ಅವಳನ್ನು ಮನೆಯ ಲಾಯಕ್ಕೆ ಕರೆತಂದು, ಅಲ್ಲಿನ ನೆಲವನ್ನು ಕೂತು ನೋಡಿದರು. ಅಗಿದು, ನುಂಗಲಾರದೆ ಉಗುಳಿದ ಹುಲ್ಲಿನ ಉಂಡೆಗಳು. ಲದ್ದಿಯಲ್ಲಿ ಇಡಿ ಇಡಿಯಾದ ಹುರುಳಿಕಾಳು. ಬಾಯಿಯಿಂದ ಸೋರುವ ಜೊಲ್ಲಿಗೆ ಕೊಳೆತ ನಾತ. ನಾಲಗೆಯನ್ನು ಮೆಲ್ಲಗೆ ಬದಿಗೆ ಹಿಡಿದು ಟಾರ್ಚು ಬಿಟ್ಟರು. ದವಡೆ ಹಲ್ಲಿನ ಅಂಚು ಚೂಪಾಗಿ ಬೆಳೆದು ಕೆನ್ನೆಯೊಳಗೆ ಹುಣ್ಣು ಮಾಡಿತ್ತು.

"ಅಷ್ಟು ವರ್ಷ ಬೇರೆಯವರ ಕುದುರೆಯ ಬಾಯಿ ನೋಡಿದವ ನಾನು. ನನ್ನ ಮನೆಯದ್ದೇ ಕಾಣಲಿಲ್ಲ ಅಲ್ಲವಾ?" ಎಂದು ಅವಳ ಕುತ್ತಿಗೆಗೆ ಹಣೆ ಒತ್ತಿ ನಿಂತರು. ಆಗಲೂ ನಾನು ಬಾಯಿ ಬಿಡಲಿಲ್ಲ.

ಮಂಗಳೂರಿನ ಡಾಕ್ಟರು ಬಂದು ಹಲ್ಲಿನ ಅಂಚನ್ನು ಅರದಿಂದ ಉಜ್ಜಿದರು. ಹುಣ್ಣು ಮಾಯುವವರೆಗೆ ಲಗಾಮಿಲ್ಲ, ನೆನೆಸಿದ ತವುಡಿನಂಥ ಮೆದು ಆಹಾರ ಮಾತ್ರ. ಸಂಜೆ ಅದನ್ನು ತಿನ್ನಿಸುವ ಕೆಲಸವನ್ನು ಹಸೈನಾರಿಚ್ಚ ನನಗೇ ಕೊಟ್ಟರು. ಮೊದಮೊದಲು ನನ್ನನ್ನು ಕಂಡರೆ ಕಿವಿ ಹಿಂದಕ್ಕೆ ಮಡಚುತ್ತಿದ್ದಳು. ಬಕೆಟ್ ಇಟ್ಟು ದೂರ ನಿಲ್ಲುತ್ತಿದ್ದೆ. ಮೂರನೆಯ ವಾರ ಅಂಗೈಯಿಂದಲೇ ತಿಂದಳು. ಆ ತುಟಿಯ ಮೆದುವನ್ನು ನಿಮಗೆ ಹೇಗೆ ಹೇಳಲಿ! ಮತ್ತೆ ನಾನು ಅವಳ ಬೆನ್ನೇರಲಿಲ್ಲ.

ಆಮೇಲೆ ನನಗೆ ವರ್ಗವಾಯಿತು. ಸುರಯ್ಯ ಮುದಿಯಾಗಿ ತೀರಿಕೊಂಡಳು. ಹಸೈನಾರಿಚ್ಚ ಮಗಳ ಬಳಿಗೆ ಶಾರ್ಜಾಕ್ಕೆ ಹೋದರು. ಹೇಳಬೇಕಾಗಿದ್ದ ಮಾತು ನನ್ನಲ್ಲೇ ಉಳಿಯಿತು.

ಮೊನ್ನೆ ನಿಂತಲ್ಲಿಂದಲೇ ಫೋನು ಮಾಡಿದೆ.

"ಹಸೈನಾರಿಚ್ಚ, ಅವತ್ತು ಲಗಾಮು ಜಗ್ಗಿದ್ದು ನಾನು."

"ಗೊತ್ತುಂಟು ಮಾಷೆ. ತುಟಿಯ ಮೂಲೆ ಹರಿದಿತ್ತಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಆ ಕಡೆ ಬರುದೇ ನಿಲ್ಲಿಸ್ತಿದ್ರಿ. ಅವಳಿಗೆ ನಿಮ್ಮ ಹೆದರಿಕೆ ಹೋಗುದು ಬೇಡವಾ?"

ಅಂಗಡಿಯ ಮುಂದಿನ ಚೀಲದಿಂದ ಒಂದು ಹಿಡಿ ತವುಡು ಅಂಗೈಗೆ ತೆಗೆದುಕೊಂಡೆ. ಫೋನು ಮಾತ್ರ ಇಡಲಿಲ್ಲ.